ಇಂಗ್ಲಿಷಿನ ಕಾಲವಾಚಕಗಳಲ್ಲಿ ಆರ್ಟಿಕಲ್: ಇತಿಹಾಸದ ವಿದ್ಯಾರ್ಥಿಗೆ ಕೆಲವು ವಿಚಾರಗಳು

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಇಂಗ್ಲಿಷ್ ವ್ಯಾಕರಣದ ಸಣ್ಣದೊಂದು ಪ್ರಕರಣವನ್ನು ಎತ್ತಿಕೊಂಡಿರುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. 'ಎ', 'ಆ್ಯನ್', 'ದಿ' ಎಂಬ ಮೂರು ಪುಟ್ಟ ಪದಗಳ ವಿಚಾರ ಶಾಲೆಯ ಕೆಳತರಗತಿಗಳಲ್ಲಿಯೇ ಮುಗಿಯಬೇಕಾದದ್ದು. ಶಾಸನಕ್ಕೂ ದಫ್ತರಕ್ಕೂ ಸನ್ನದಿಗೂ ಅದರೊಡನೆ ಏನು ಸಂಬಂಧ ಎಂದು ಕೇಳುವವರುಂಟು. ಸಂಬಂಧವುಂಟೆಂಬುದೇ ನಮ್ಮ ಅಭಿಪ್ರಾಯ. ಕಾಲವನ್ನು ಹೇಳುವ ಮಾತುಗಳಲ್ಲಿ ಈ ಪದಗಳು ಬರುವುದೂ ಬಾರದಿರುವುದೂ ಅನೇಕ ವೇಳೆ ಒಂದು ಪ್ರಶ್ನೆಗೆ ಉತ್ತರವಾಗಿರುತ್ತದೆ: ಈ ಕಾಲವನ್ನು ಎಲ್ಲಿ ನಿಂತು ಎಣಿಸಲಾಗಿದೆ? ಬರೆಯುವವನ 'ಇಂದಿ'ನಲ್ಲಿ ನಿಂತೋ, ಕಥನದ 'ಅಂದಿ'ನಲ್ಲಿ ನಿಂತೋ? ಮೂಲಪತ್ರಗಳನ್ನು ಓದುವಾಗ ಇತಿಹಾಸದ ವಿದ್ಯಾರ್ಥಿ ಹೆಜ್ಜೆ ಹೆಜ್ಜೆಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ ಆಗಿದೆ.

ಒಂದು ಉದಾಹರಣೆಯಿಂದ ಆರಂಭಿಸೋಣ. ಶ್ರೀರಂಗಪಟ್ಟಣದ ಕೋಟೆ ೧೭೯೯ನೆಯ ಇಸವಿ ಮೇ ೪ರಂದು ಕಂಪನಿಯ ಸೈನ್ಯದ ವಶವಾಯಿತು. ಜೂನ್ ೩೦ರಂದು ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಮೇ ತಿಂಗಳ ಸಂಗತಿಗಳನ್ನು ಇಂಗ್ಲಿಷಿನಲ್ಲಿ ವಿವರಿಸಿ ಬಂದ ವಿದ್ಯಾರ್ಥಿಯೊಬ್ಬನು, ಒಡೆಯರಿಗೆ 'ನೆಕ್ಸ್ಟ್ ಮಂತ್' ಪಟ್ಟವಾಯಿತು ಎಂದು ಬರೆದನೆಂದಿಟ್ಟುಕೊಳ್ಳೋಣ. ಅವನ ಮನಸ್ಸಿನಲ್ಲಿದ್ದುದು ಜೂನ್ ತಿಂಗಳು. ಕಾಗದದ ಮೇಲೆ ಬಂದುದು ಮಾತ್ರ, ಅವನು ಈ ಉತ್ತರವನ್ನು ಬರೆಯುತ್ತಿರುವ ತಿಂಗಳಿನ ಅನಂತರ ಬರಲಿರುವ ತಿಂಗಳು. ವಾಕ್ಯದ ಕ್ರಿಯಾಪದ ಹಿಂದಕ್ಕೆ ನೋಡುತ್ತಿದೆ, ಕಾಲವಾಚಕ ಮುಂದಕ್ಕೆ ನೋಡುತ್ತಿದೆ. 'ದಿ ನೆಕ್ಸ್ಟ್ ಮಂತ್' ಎಂದು ಬರೆದಿದ್ದರೆ ಎಣಿಕೆಯ ನೆಲೆ ಮೇ ತಿಂಗಳಿಗೆ ಹೋಗಿ ನಿಲ್ಲುತ್ತಿತ್ತು, ಅರ್ಥ ನೇರವಾಗುತ್ತಿತ್ತು.

ಆರ್ಟಿಕಲ್ಲಿನ ತಪ್ಪುಗಳೆಲ್ಲ ಒಂದೇ ತೂಕದವಲ್ಲವೆಂಬುದನ್ನು ಮೊದಲೇ ಹೇಳಬೇಕು. 'ಇನ್ ನೈಂಟೀಂತ್ ಸೆಂಚುರಿ' ಎಂದು 'ದಿ' ಬಿಟ್ಟು ಬರೆದರೆ ಕಿವಿಗೆ ಒರಟಾಗಿ ಕೇಳಿಸುತ್ತದೆ, ಅರ್ಥ ಕೆಡುವುದಿಲ್ಲ. ಉತ್ತರಪತ್ರಿಕೆಗಳಲ್ಲಿ ಕೆಂಪು ಮಸಿ ಹೆಚ್ಚಾಗಿ ಖರ್ಚಾಗುವುದು ಈ ಜಾತಿಯ ತಪ್ಪುಗಳ ಮೇಲೆಯೇ. ಇನ್ನೊಂದು ಜಾತಿಯ ತಪ್ಪು ಕಿವಿಗೆ ತಿಳಿಯದಂತೆ ಬಂದು ವರ್ಷವನ್ನೇ ಕದಲಿಸಿಬಿಡುತ್ತದೆ. ಅದರ ಕಡೆಗೆ ನಮ್ಮ ಗಮನ ಸಾಲದಾಗಿದೆ. ಈಗ ಗಣಕಯಂತ್ರಗಳಲ್ಲಿ ದೊರೆಯುವ ತಪ್ಪು ತಿದ್ದುವ ಸೌಕರ್ಯವನ್ನೂ ಇಂಥಲ್ಲಿ ಪೂರ್ತಿಯಾಗಿ ನೆಚ್ಚುವಂತಿಲ್ಲ. ಎರಡು ರೂಪಗಳೂ ವ್ಯಾಕರಣಶುದ್ಧವಾಗಿದ್ದಾಗ ಯಾವುದು ಸಂಗತಿಗೆ ಸರಿಯೆಂಬುದನ್ನು ಸಂಗತಿ ಬಲ್ಲವನೇ ಹೇಳಬೇಕಾಗುತ್ತದೆ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಸಂಸ್ಕೃತದಲ್ಲಿಯೂ ಲ್ಯಾಟಿನಿನಲ್ಲಿಯೂ ಇಲ್ಲ. ಇಲ್ಲವೆಂಬುದರಿಂದ ಆ ಭಾಷೆಗಳಿಗೆ ಯಾವ ಕೊರತೆಯೂ ಆಗಿಲ್ಲ. ಇಂಗ್ಲಿಷಿನ 'ದಿ' ಹುಟ್ಟಿದ್ದು 'ಆ' ಎಂಬರ್ಥದ ಹಳೆಯ ನಿರ್ದೇಶಕ ಸರ್ವನಾಮದಿಂದ. 'ಎ', 'ಆ್ಯನ್' ಎಂಬಿವು 'ಒಂದು' ಎಂಬರ್ಥದ ಸಂಖ್ಯಾವಾಚಕದಿಂದ. ಆದಕಾರಣ 'ದಿ' ಎಂಬಲ್ಲಿ 'ಆ' ಎಂದೂ, 'ಎ' ಎಂಬಲ್ಲಿ 'ಒಂದು' ಎಂದೂ ಇಟ್ಟು ನೋಡುವ ನಮ್ಮ ಹಳ್ಳಿಯ ಮೇಷ್ಟರ ಪದ್ಧತಿ ನಗುವಂಥದಲ್ಲ. ಪದಗಳ ಚರಿತ್ರೆ ಅದರ ಪಕ್ಷದಲ್ಲಿದೆ. ಆದರೆ ಕಾಲವಾಚಕಗಳಿಗೆ ಬಂದಾಗ ಇದಕ್ಕಿಂತ ನಂಬಬಹುದಾದ ಕೀಲಿಯೊಂದು ಕನ್ನಡದಲ್ಲಿಯೇ ಉಂಟು.

ಅಜ್ಜಿ ಕಥೆ ಹೇಳುವಾಗ 'ಮಾರನೆಯ ದಿನ ರಾಜಕುಮಾರ ಹೊರಟ' ಎನ್ನುತ್ತಾಳೆ. 'ನಾಳೆ ಹೊರಟ' ಎಂದು ಎಂದೂ ಹೇಳುವುದಿಲ್ಲ. ನಾಳೆ ಎಂಬುದು ಮಾತನಾಡುವವನ ಇಂದಿಗೆ ಕಟ್ಟಿದ ಪದ. ಮರುದಿನ, ಮಾರನೆಯ ದಿನ ಎಂಬಿವು ಕಥೆಯ ಯಾವುದೋ ದಿನಕ್ಕೆ ಕಟ್ಟಿದವು. ನಿನ್ನೆಗೂ ಹಿಂದಿನ ದಿನಕ್ಕೂ ಇದೇ ಅಂತರ. ಈಗ ಎಂಬುದಕ್ಕೂ ಆಗ ಎಂಬುದಕ್ಕೂ ಇದೇ. ಅಕ್ಷರ ತಿಳಿಯದವರೂ ತಪ್ಪದೆ ಪಾಲಿಸುವ ಈ ವಿವೇಕವನ್ನೇ ಇಂಗ್ಲಿಷ್ ಭಾಷೆ ಹಲವೆಡೆ ಆರ್ಟಿಕಲ್ಲಿನ ಮೂಲಕ ಪಾಲಿಸುತ್ತದೆ. 'ಟುಮಾರೋ' ಎಂಬುದಕ್ಕೆ ಆರ್ಟಿಕಲ್ ಬೇಡ, ಅದು ನಾಳೆ. ಹಳೆಯ ಇಂಗ್ಲಿಷ್ ಕಥನಗಳಲ್ಲಿ ಬರುವ 'ದಿ ಮಾರೋ' ಎಂಬುದಕ್ಕೆ ಆರ್ಟಿಕಲ್ ಬೇಕು; ಅದು ಮರುದಿನ. ಎರಡರ ಬೇರೂ ಒಂದೇ, 'ದಿ' ಇರುವುದರಿಂದ ನೆಲೆ ಬೇರೆ.

ಈ ಕೀಲಿಯನ್ನು ಹಿಡಿದು 'ನೆಕ್ಸ್ಟ್', 'ಲಾಸ್ಟ್' ಎಂಬೆರಡು ಪದಗಳನ್ನು ನೋಡಬೇಕು. ಇತಿಹಾಸ ಬರೆಯುವವರನ್ನು ಹೆಚ್ಚಾಗಿ ಎಡವಿಸುವವು ಇವೇ. 'ನೆಕ್ಸ್ಟ್ ವೀಕ್', 'ನೆಕ್ಸ್ಟ್ ಇಯರ್' ಎಂದರೆ ಬರೆಯುವವನ ಇಂದಿನಿಂದ ಮುಂದಿನವು. 'ದಿ ನೆಕ್ಸ್ಟ್ ವೀಕ್', 'ದಿ ನೆಕ್ಸ್ಟ್ ಇಯರ್' ಎಂದರೆ ಮರುವಾರ, ಮರುವರ್ಷ. ಇಲ್ಲಿ ಒಂದು ಅಪವಾದವನ್ನು ಒಪ್ಪಿಕೊಳ್ಳಬೇಕು. ಕಥನಗದ್ಯದಲ್ಲಿ 'ನೆಕ್ಸ್ಟ್ ಡೇ', 'ನೆಕ್ಸ್ಟ್ ಮಾರ್ನಿಂಗ್' ಎಂದು 'ದಿ' ಇಲ್ಲದೆ ಬರೆಯುವ ಒಳ್ಳೆಯ ಲೇಖಕರೂ ಇದ್ದಾರೆ. ೧೮೫೭ನೆಯ ಇಸವಿ ಮೇ ೧೦ರ ಸಂಜೆ ಮೀರತ್ತಿನಲ್ಲಿ ಸಿಪಾಯಿಗಳು ಎದ್ದರು, 'ನೆಕ್ಸ್ಟ್ ಮಾರ್ನಿಂಗ್' ದೆಹಲಿಯನ್ನು ಸೇರಿದರು ಎಂದು ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇದಕ್ಕೆ ಕಾರಣ ನಮಗೆ ತೋರುವಂತೆ ಹೀಗಿದೆ: ನಾಳೆ ಎನ್ನಲು ಇಂಗ್ಲಿಷಿನಲ್ಲಿ 'ಟುಮಾರೋ' ಎಂಬ ಪ್ರತ್ಯೇಕ ಪದವೇ ಇರುವುದರಿಂದ 'ನೆಕ್ಸ್ಟ್ ಡೇ' ಎಂಬುದು ಆ ಅರ್ಥಕ್ಕೆ ಬೇಕಾಗುವುದಿಲ್ಲ; ಆರ್ಟಿಕಲ್ ಬಿದ್ದುಹೋದರೂ ಸಂದೇಹಕ್ಕೆ ಎಡೆಯಿಲ್ಲ. ವಾರ, ತಿಂಗಳು, ವರ್ಷಗಳಿಗೆ ಅಂಥ ಪ್ರತ್ಯೇಕ ಪದವಿಲ್ಲ. ಅಲ್ಲಿ 'ದಿ' ಒಂದೇ ಕಾವಲುಗಾರ.

'ಲಾಸ್ಟ್' ಎಂಬುದು ಇನ್ನೂ ತೊಡಕಿನದು. 'ನೆಕ್ಸ್ಟ್' ವಿಚಾರದಲ್ಲಿ 'ದಿ' ಸೇರಿಸಿದೊಡನೆ ನೆಲೆ ಕಥನಕ್ಕೆ ಹೋಗುತ್ತದೆಯೆಂದು ಕಲಿತವನು 'ಲಾಸ್ಟ್' ವಿಚಾರದಲ್ಲಿಯೂ ಹಾಗೆಯೇ ಆಗುವುದೆಂದು ನಂಬುತ್ತಾನೆ. ಆಗುವುದಿಲ್ಲ. 'ಲಾಸ್ಟ್ ಇಯರ್' ಎಂದರೆ ನಮ್ಮ ಲೆಕ್ಕದ ಕಳೆದ ವರ್ಷ. 'ದಿ ಲಾಸ್ಟ್ ಇಯರ್' ಎಂಬುದಕ್ಕೆ ಎರಡು ಅರ್ಥಗಳು ಸಾಧಾರಣವಾಗಿ ಬರುತ್ತವೆ: ಇಂದಿನಿಂದ ಹಿಂದಕ್ಕೆ ಎಣಿಸಿದ ಹನ್ನೆರಡು ತಿಂಗಳು ಒಂದು, ಯಾವುದಾದರೊಂದು ಅವಧಿಯ ಕೊನೆಯ ವರ್ಷ ಇನ್ನೊಂದು. ಟಿಪ್ಪುವಿನ ಆಳ್ವಿಕೆಯ 'ದಿ ಲಾಸ್ಟ್ ಇಯರ್' ಎಂದರೆ ಆ ಆಳ್ವಿಕೆ ಮುಗಿದ ವರ್ಷ. ೧೭೯೨ರ ಒಪ್ಪಂದವನ್ನು ಹೇಳಿ, ಅದಕ್ಕೆ ಹಿಂದಿನ ವರ್ಷದ ಯುದ್ಧಸಂಗತಿಗೆ ಹೋಗಬೇಕಾದಾಗ 'ಇನ್ ದಿ ಲಾಸ್ಟ್ ಇಯರ್' ಎಂದು ಬರೆದರೆ ೧೭೯೧ ಸಿಕ್ಕುವುದಿಲ್ಲ. ಓದುಗನು ಯಾವುದರ ಕೊನೆಯೆಂದು ಹುಡುಕಲಾರಂಭಿಸುತ್ತಾನೆ. ಅಲ್ಲಿ ಬೇಕಾದದ್ದು 'ದಿ ಪ್ರೀವಿಯಸ್ ಇಯರ್' ಅಥವಾ 'ದಿ ಇಯರ್ ಬಿಫೋರ್'. ಕನ್ನಡದಲ್ಲಿ ಕಳೆದ ವರ್ಷ, ಕಳೆದೊಂದು ವರ್ಷದಲ್ಲಿ, ಕೊನೆಯ ವರ್ಷ, ಹಿಂದಿನ ವರ್ಷ ಎಂದು ನಾಲ್ಕು ಬೇರೆ ಮಾತುಗಳಿವೆ. ಮೊದಲು ಕನ್ನಡದಲ್ಲಿ ಹೇಳಿಕೊಂಡು ಅನಂತರ ಇಂಗ್ಲಿಷಿಗೆ ಇಳಿಯುವ ವಿದ್ಯಾರ್ಥಿಗೆ ಇಲ್ಲಿ ನಷ್ಟವಿಲ್ಲ, ಲಾಭವೇ ಉಂಟು. ಪ್ರಸಂಗವಶಾತ್ ಇನ್ನೊಂದು ಮಾತು: ಇಂಗ್ಲಿಷಿನಿಂದ ಅನುವಾದಿಸಿದ ನಮ್ಮ ಇತಿಹಾಸ ಗ್ರಂಥಗಳಲ್ಲಿ 'ಮರುವರ್ಷ' ಎಂಬ ಚೆಲುವಾದ ಪದ ಮರೆಯಾಗಿ ಎಲ್ಲೆಲ್ಲಿಯೂ 'ಮುಂದಿನ ವರ್ಷ' ಎಂದೇ ಕಾಣಿಸಿಕೊಳ್ಳುತ್ತಿರುವುದು ನಮಗೆ ಒಪ್ಪಿಗೆಯಿಲ್ಲ. ಇಂಗ್ಲಿಷಿಗಿಂತ ಸ್ಪಷ್ಟವಾಗಿ ಹೇಳುವ ಶಕ್ತಿ ಇದ್ದೂ ಅದನ್ನು ಬಿಟ್ಟುಕೊಡುವುದೇಕೆ?

ಈ ವಿವೇಕ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಹಳೆಯ ಕಾಗದಪತ್ರಗಳ ಮುಂದೆ. ಕಂಪನಿಯ ಕಾಲದ ಇಂಗ್ಲಿಷ್ ಪತ್ರಗಳಲ್ಲಿ ತಾರೀಖಿನ ಜೊತೆಗೆ 'ಇನ್‌ಸ್ಟಂಟ್', 'ಅಲ್ಟಿಮೋ', 'ಪ್ರಾಕ್ಸಿಮೋ' ಎಂಬ ಮಾತುಗಳು ಪದೇ ಪದೇ ಬರುತ್ತವೆ. ಇವು ಲ್ಯಾಟಿನ್ ಮೂಲದವು. ಕ್ರಮವಾಗಿ ಈ ತಿಂಗಳ, ಹೋದ ತಿಂಗಳ, ಬರುವ ತಿಂಗಳ ಎಂದರ್ಥ. ಇವುಗಳ ಹಿಂದೆ 'ದಿ' ಇರುವುದನ್ನು ಕಂಡು ತಾರೀಖು ಖಚಿತವಾಗಿದೆಯೆಂದು ಭಾವಿಸಿದರೆ ಮೋಸಹೋಗುತ್ತೇವೆ. 'ದಿ ಫೋರ್ತ್ ಅಲ್ಟಿಮೋ' ಎಂಬುದು ೧೭೯೯ರ ಜೂನ್ ತಿಂಗಳಿನಲ್ಲಿ ಬರೆದ ಪತ್ರದಲ್ಲಿದ್ದರೆ ಮೇ ೪. ಜುಲೈಯಲ್ಲಿ ಬರೆದುದರಲ್ಲಿದ್ದರೆ ಜೂನ್ ೪. 'ದಿ' ಎಂಬುದು ನಾಲ್ಕನೆಯ ದಿನವನ್ನು ಖಚಿತಪಡಿಸುತ್ತದೆಯೇ ಹೊರತು ತಿಂಗಳನ್ನಲ್ಲ. ತಿಂಗಳು ತಿಳಿಯಬೇಕಾದರೆ ಪತ್ರದ ತಲೆಯಲ್ಲಿರುವ ತಾರೀಖನ್ನು ನೋಡಬೇಕು. ಆ ಭಾಗ ಹರಿದುಹೋಗಿದ್ದರೆ, ಅಥವಾ ನಕಲುಗಾರನು ಅದನ್ನು ಬಿಟ್ಟಿದ್ದರೆ, ಒಳಗಿನ ಖಚಿತ ತಾರೀಖುಗಳೆಲ್ಲ ಒಮ್ಮೆಲೇ ತೇಲತೊಡಗುತ್ತವೆ.

ಅಂಥ ಪತ್ರದಿಂದ ಸಂಗತಿಯನ್ನು ನಮ್ಮ ಬರಹಕ್ಕೆ ತರುವಾಗ ಕಾಲವಾಚಕವನ್ನೂ ಅನುವಾದಿಸಬೇಕಾಗುತ್ತದೆ; ಇಂಗ್ಲಿಷಿನಿಂದ ಇಂಗ್ಲಿಷಿಗೇ ಆದರೂ ಅದು ಅನುವಾದವೇ. ಪತ್ರ ಬರೆದವನ 'ಲಾಸ್ಟ್ ಮಂತ್' ನಮ್ಮ ಬರಹದಲ್ಲಿ 'ದಿ ಪ್ರೀವಿಯಸ್ ಮಂತ್' ಆಗಬೇಕು. ಅವನ 'ಟುಮಾರೋ' ನಮ್ಮಲ್ಲಿ 'ದಿ ನೆಕ್ಸ್ಟ್ ಡೇ' ಆಗಬೇಕು. 'ದಿ ಲೇಟ್ ವಾರ್' ಎಂಬ ಮಾತೂ ಇಂಥದೇ. ಇಲ್ಲಿ 'ಲೇಟ್' ಎಂದರೆ ಈಚೆಗೆ ಮುಗಿದದ್ದು. ಮೈಸೂರಿಗೆ ಸಂಬಂಧಿಸಿದ ಪತ್ರ ೧೭೯೩ರದಾದರೆ ಅದು ಮೂರನೆಯ ಮೈಸೂರು ಯುದ್ಧ, ೧೮೦೦ರದಾದರೆ ನಾಲ್ಕನೆಯದು. ಪತ್ರ ಬರೆದವನಿಗೂ ಓದಿದವನಿಗೂ ಯಾವ ಯುದ್ಧವೆಂಬುದು ಗೊತ್ತಿತ್ತು, ಅದಕ್ಕೇ 'ದಿ'. ನಮಗೆ ಅದು ಗೊತ್ತಿರಬೇಕೆಂಬ ಒಪ್ಪಂದವೇನೂ ಇರಲಿಲ್ಲ.

ಇಂಗ್ಲೆಂಡಿನ ಇತಿಹಾಸವನ್ನೇ ಓದುವವರಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಆ ದೇಶದಲ್ಲಿ ೧೭೫೨ರವರೆಗೆ ಶಾಸನಸಮ್ಮತವಾದ ವರ್ಷಾರಂಭ ಮಾರ್ಚ್ ೨೫. ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾದ ಜನವರಿ ೩೦ ನಮ್ಮ ಲೆಕ್ಕಕ್ಕೆ ೧೬೪೯, ಅಂದಿನ ಇಂಗ್ಲಿಷರ ಲೆಕ್ಕಕ್ಕೆ ೧೬೪೮. ಹೀಗಿರುವಾಗ ಆ ಕಾಲದ ದಾಖಲೆಯೊಂದು ಆ ಘಟನೆಯನ್ನು ಹೇಳಿ 'ದಿ ನೆಕ್ಸ್ಟ್ ಇಯರ್' ಎಂದರೆ ಅದು ಎರಡೇ ತಿಂಗಳಲ್ಲಿ ಆರಂಭವಾದ ವರ್ಷವಾಗಿರಬಹುದು. ಅದನ್ನು ೧೬೫೦ ಎಂದು ತೆಗೆದುಕೊಂಡವನು ತಪ್ಪುತ್ತಾನೆ. ೧೭೫೨ರಲ್ಲಿ ಪಂಚಾಂಗವನ್ನು ತಿದ್ದಿದಾಗ ಸೆಪ್ಟೆಂಬರ್ ೨ರ ಬುಧವಾರದ ಮರುದಿನ ಸೆಪ್ಟೆಂಬರ್ ೧೪ರ ಗುರುವಾರವೆಂದು ಎಣಿಸಿದರು. ಅಲ್ಲಿ 'ದಿ ನೆಕ್ಸ್ಟ್ ಡೇ' ಎಂಬುದಕ್ಕೂ 'ದಿ ನೆಕ್ಸ್ಟ್ ಡೇಟ್' ಎಂಬುದಕ್ಕೂ ನಡುವೆ ಹನ್ನೊಂದು ತಾರೀಖುಗಳು ಲೋಪವಾಗಿವೆ. ಇತಿಹಾಸದ ಪುಸ್ತಕಗಳಲ್ಲಿ ಅವು 'ದಿ ಇಲೆವೆನ್ ಡೇಸ್' ಎಂದೇ ಬರುವುದುಂಟು; ಯಾವುದೋ ಹನ್ನೊಂದು ದಿನವಲ್ಲ, ಆ ಹನ್ನೊಂದು.

ವಾರ, ತಿಂಗಳು, ಇಸವಿಗಳ ಮಾತು ಇಷ್ಟು ಗಹನವಲ್ಲ. ಇವು ಹೆಸರುಗಳಂತೆ ನಡೆಯುತ್ತವೆ. ಹೆಸರಿಗೆ ಸಾಮಾನ್ಯವಾಗಿ ಆರ್ಟಿಕಲ್ ಬೇಡ. 'ಇನ್ ಮೇ', 'ಇನ್ ೧೭೯೯' ಎಂದಷ್ಟೇ ಸಾಕು. ನಡುವೆ 'ಇಯರ್' ಎಂಬ ಪದವನ್ನು ತಂದರೆ ಮಾತ್ರ 'ಇನ್ ದಿ ಇಯರ್ ೧೭೯೯' ಎನ್ನಬೇಕು. ತಾರೀಖನ್ನು '೪ ಮೇ ೧೭೯೯' ಎಂದು ಬರೆಯುವವರೂ ಓದುವಾಗ 'ದಿ ಫೋರ್ತ್ ಆಫ್ ಮೇ' ಎಂದೇ ಓದುತ್ತಾರೆ. ಬರೆಯದೆ ಓದುವ 'ದಿ' ಇದು. ಭಾನುವಾರವೆಂಬುದಕ್ಕೆ ಮೂರು ರೂಪಗಳುಂಟು. 'ಆನ್ ಸಂಡೇ' ಎಂದರೆ ನಮಗೆ ಹತ್ತಿರದ ಭಾನುವಾರ. ೧೮೫೭ರ ಮೇ ೧೦ 'ಎ ಸಂಡೇ' ಆಗಿತ್ತು ಎಂದರೆ ಅದು ಭಾನುವಾರವೆಂಬ ಹೊಸ ಸಂಗತಿಯನ್ನು ಓದುಗನಿಗೆ ತಿಳಿಸಿದಂತೆ. 'ಆನ್ ದಿ ಸಂಡೇ' ಎಂದರೆ ಈಗಾಗಲೇ ಹೇಳಿರುವ ಆ ವಾರದ ಭಾನುವಾರ. ಋತುಗಳಲ್ಲಿ 'ಇನ್ ವಿಂಟರ್', 'ಇನ್ ದಿ ವಿಂಟರ್' ಎರಡೂ ನಡೆಯುತ್ತವೆ. ೧೮೧೨ರ ಚಳಿಗಾಲವೆಂದು ಗೊತ್ತುಮಾಡಿ ಹೇಳುವಾಗ ಮಾತ್ರ 'ದಿ' ಬಿಡುವಂತಿಲ್ಲ.

ದಿನದ ಭಾಗಗಳಲ್ಲಿ ಭಾಷೆ ತನ್ನ ಇಚ್ಛೆಯಂತೆ ನಡೆದಿದೆಯೆಂದು ಒಪ್ಪಿಕೊಳ್ಳುವುದೇ ಮೇಲು. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗಳಿಗೆ 'ಇನ್ ದಿ' ಬರುತ್ತದೆ. ರಾತ್ರಿ, ನಡುಹಗಲು, ನಡುರಾತ್ರಿ, ಅರುಣೋದಯಗಳಿಗೆ 'ಅಟ್' ಮಾತ್ರ ಬಂದು ಆರ್ಟಿಕಲ್ ಬಿಟ್ಟುಹೋಗುತ್ತದೆ. ಆದರೆ ಇಂಥ ದಿನದ ರಾತ್ರಿಯೆಂದು ಹೇಳಿದೊಡನೆ 'ದಿ' ಮರಳಿ ಬರುತ್ತದೆ: ಭಾರತ ಸ್ವತಂತ್ರವಾದದ್ದು 'ಅಟ್ ಮಿಡ್‌ನೈಟ್', ಸಂವಿಧಾನ ಸಭೆ ಸೇರಿದ್ದು ೧೯೪೭ರ ಆಗಸ್ಟ್ ೧೪ರ 'ಆನ್ ದಿ ನೈಟ್'. ಇವುಗಳಲ್ಲಿ ಎರಡು ಮಾತುಗಳ ಚರಿತ್ರೆ ಸ್ವಾರಸ್ಯವಾಗಿದೆ. ಗಂಟೆ ಹೇಳುವಾಗ ಬರುವ 'ಓ ಕ್ಲಾಕ್' ಎಂಬುದು 'ಆಫ್ ದಿ ಕ್ಲಾಕ್' ಎಂಬುದರ ಸವೆದ ರೂಪ. ಅದರ ಹೊಟ್ಟೆಯಲ್ಲಿ ಒಂದು 'ದಿ' ಅಡಗಿದೆ. 'ಟ್ವೈಸ್ ಎ ಡೇ' ಎಂಬಲ್ಲಿ ಕಾಣುವ 'ಎ' ಮೊದಲಿಗೆ ಆರ್ಟಿಕಲ್ಲೇ ಅಲ್ಲ. 'ಆನ್' ಎಂಬ ಅವ್ಯಯ ಸವೆದು 'ಎ' ಆದದ್ದು. ಕಾಲಕ್ರಮದಲ್ಲಿ ಜನ ಅದನ್ನು ಆರ್ಟಿಕಲ್ ಎಂದೇ ಭಾವಿಸಿದರು; ಆದ್ದರಿಂದಲೇ ಸ್ವರದ ಮುಂದೆ 'ಆ್ಯನ್ ಅವರ್' ಎಂದೂ ಬರೆಯುತ್ತಾರೆ. ದಿನಕ್ಕೆರಡು ಸಲ ಎಂಬಲ್ಲಿ ಕನ್ನಡಿಗನು 'ಒಂದು' ಎಂಬುದನ್ನು ಸೇರಿಸುವುದಿಲ್ಲ, ಚತುರ್ಥಿ ಪ್ರತ್ಯಯವನ್ನು ಬಳಸುತ್ತಾನೆ. ಇಂಗ್ಲಿಷಿನ ಮೂಲರೂಪವೂ ಇದಕ್ಕೆ ಬಹಳ ದೂರದ್ದಲ್ಲ.

ಆರ್ಥಿಕ ಇತಿಹಾಸವನ್ನು ಓದುವವರು ಇಲ್ಲಿಯೇ ಇನ್ನೊಂದು ಜೋಡಿಯನ್ನು ಗುರುತುಮಾಡಿಕೊಳ್ಳಬೇಕು. ಕೂಲಿಗಳು 'ಬೈ ಡೇ' ಕೆಲಸ ಮಾಡಿದರೆಂದರೆ ರಾತ್ರಿಯಲ್ಲಲ್ಲ, ಹಗಲಿನಲ್ಲಿ ಮಾಡಿದರೆಂದರ್ಥ. 'ಬೈ ದಿ ಡೇ' ಎಂದರೆ ದಿನಗೂಲಿಯ ಮೇಲೆ. ಕಾಲುವೆಯನ್ನೋ ಕೋಟೆಯನ್ನೋ ಕಟ್ಟಿದ ಲೆಕ್ಕಪತ್ರದಲ್ಲಿ ಈ ಒಂದು ಪದವನ್ನು ಕಣ್ಣು ತಪ್ಪಿಸಿ ಓದಿದವನು ಕೂಲಿಯ ಪದ್ಧತಿಯನ್ನೇ ಕಾಣದೆ ಹೋಗುತ್ತಾನೆ. 'ಎ ಫ್ಯೂ ಇಯರ್ಸ್' ಎಂದರೆ ಕೆಲವು ವರ್ಷಗಳು. 'ಎ' ಬಿಟ್ಟು 'ಫ್ಯೂ ಇಯರ್ಸ್' ಎಂದರೆ ಬೆರಳೆಣಿಕೆಗೂ ಸಾಲದಷ್ಟು ಎಂಬ ಧ್ವನಿ. ನಮ್ಮ ವಿದ್ಯಾರ್ಥಿಗಳು 'ಆಫ್ಟರ್ ಫ್ಯೂ ಇಯರ್ಸ್' ಎಂದೇ ಬರೆಯುತ್ತಾರೆ. 'ಹಂಡ್ರೆಡ್ ಇಯರ್ಸ್' ಎಂಬುದರ ಹಿಂದೆಯೂ ಒಂದು 'ಎ' ಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. ಕನ್ನಡದಲ್ಲಿ 'ನೂರು ವರ್ಷ' ಎಂದರೆ ಸಾಕಲ್ಲವೇ!

ಇನ್ನು ಶತಮಾನಗಳು, ಯುಗಗಳು. ಶತಮಾನಕ್ಕೆ ಯಾವಾಗಲೂ 'ದಿ'; ದಶಕಕ್ಕೂ ಹಾಗೆಯೇ, 'ದಿ ೧೮೩೦ಸ್'. ಆದರೆ ಶತಮಾನ ವಿಶೇಷಣವಾಗಿ ನಿಂತಾಗ ಆರ್ಟಿಕಲ್ ಅದರದ್ದಲ್ಲ, ಮುಂದಿನ ವಿಶೇಷ್ಯದ್ದು. ಹದಿನೆಂಟನೆಯ ಶತಮಾನದ ಮೈಸೂರು ಎಂಬುದಕ್ಕೆ 'ಏಟೀಂತ್ ಸೆಂಚುರಿ ಮೈಸೂರ್' ಎಂದರೆ ಸಾಕು, ಮೈಸೂರು ಅಂಕಿತನಾಮ. ಅದೇ ಶತಮಾನದ ಒಂದು ದಾಖಲೆಯೆಂದರೆ 'ಆ್ಯನ್', ಹತ್ತೊಂಬತ್ತನೆಯದರ ದಾಖಲೆಯೆಂದರೆ 'ಎ'. ಇದು ಕೇವಲ ಉಚ್ಚಾರಣೆಯ ಮಾತು. ಎಣಿಕೆಗೆ ಸಿಕ್ಕಿದ ಅವಧಿಯೂ ಗೊತ್ತಾದ ಎಲ್ಲೆಗಳನ್ನು ಪಡೆದಾಗ 'ದಿ'ಯನ್ನು ಬೇಡುತ್ತದೆ. ಐವತ್ತು ವರ್ಷ ಎಂಬುದು ಬರಿಯ ಮೊತ್ತ. ಮೈಸೂರಿನಲ್ಲಿ ೧೮೩೧ರಿಂದ ೧೮೮೧ರವರೆಗೆ ನಡೆದ ಕಮಿಷನರುಗಳ ಆಡಳಿತದ ಐವತ್ತು ವರ್ಷ ಎಂಬುದು 'ದಿ ಫಿಫ್ಟಿ ಇಯರ್ಸ್'. 'ದಿ ಹಂಡ್ರೆಡ್ ಇಯರ್ಸ್ ವಾರ್' ಎಂಬಲ್ಲಿ ಮಾತ್ರ 'ದಿ' ಯುದ್ಧಕ್ಕೆ ಸೇರಿದ್ದು, ವರ್ಷಗಳಿಗಲ್ಲ. ೧೩೩೭ರಿಂದ ೧೪೫೩ರವರೆಗೆ ೧೧೬ ವರ್ಷಗಳಾದುದರಿಂದ ಹಾಗಿರುವುದೇ ಕ್ಷೇಮ.

ಯುಗಗಳ ಹೆಸರಿನ ಹಿಂದಿರುವ 'ದಿ' ಓದುಗನಿಗೂ ಲೇಖಕನಿಗೂ ನಡುವೆ ಒಂದು ಪರಿಚಯವನ್ನು ಊಹಿಸಿಕೊಳ್ಳುತ್ತದೆ. ತಲೆಮಾರು ಕಳೆದಾಗ ಆ ಪರಿಚಯ ಬದಲಾಗುತ್ತದೆ. 'ಬಿಫೋರ್ ದಿ ವಾರ್' ಎಂಬ ಮಾತು ೧೯೨೫ರ ಇಂಗ್ಲಿಷ್ ಪುಸ್ತಕದಲ್ಲಿದ್ದರೆ ೧೯೧೪ಕ್ಕೆ ಮುಂಚೆ. ೧೯೫೦ರದರಲ್ಲಿದ್ದರೆ ೧೯೩೯ಕ್ಕೆ ಮುಂಚೆ. ನಮ್ಮ ದೇಶದ ನಿದರ್ಶನವೇ ಬೇಕಾದರೆ 'ದಿ ಎಮರ್ಜೆನ್ಸಿ' ಎಂಬುದನ್ನು ತೆಗೆದುಕೊಳ್ಳಬಹುದು. ಇಂದು ಅದಕ್ಕೆ ೧೯೭೫ರಿಂದ ೧೯೭೭ರವರೆಗಿನ ಅವಧಿಯೆಂಬ ಒಂದೇ ಅರ್ಥ. ಆದರೆ ತುರ್ತುಪರಿಸ್ಥಿತಿ ೧೯೬೨ರ ಅಕ್ಟೋಬರಿನಲ್ಲಿಯೂ ೧೯೭೧ರ ಡಿಸೆಂಬರಿನಲ್ಲಿಯೂ ಘೋಷಿತವಾಗಿತ್ತು. ೧೯೬೫ರ ಸುಮಾರಿನ ಸರ್ಕಾರಿ ಬರಹದಲ್ಲಿ ಅದೇ 'ದಿ ಎಮರ್ಜೆನ್ಸಿ' ಬಂದರೆ ಅದು ಚೀನಾ ಯುದ್ಧದ ಸಮಯದಲ್ಲಿ ಘೋಷಿಸಿದ್ದು. ಎಳೆಯ ಸಂಶೋಧಕರು ಪದದ ಪರಿಚಯವನ್ನು ನೆಚ್ಚಿ ಹತ್ತು ವರ್ಷ ತಪ್ಪುವ ಸಂಭವ ಇಲ್ಲಿ ಬಹಳವಾಗಿದೆ.

ಕೊನೆಯದಾಗಿ ಶಾಸನಗಳನ್ನು ಇಂಗ್ಲಿಷಿಗೆ ತರುವ ಕಾರ್ಯಕ್ಕೆ ಬರೋಣ. ಇದರಲ್ಲಿ ನಾವೇ ಮುಗ್ಗರಿಸಿದ್ದೇವೆ. ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಚಾಲುಕ್ಯ ಮಂಗಲೇಶನ ಸಂಸ್ಕೃತ ಶಾಸನವುಂಟು. ಅವನ ಅಣ್ಣನಾದ ಕೀರ್ತಿವರ್ಮನು ಆಗ ದೊರೆ. ಆ ಶಾಸನ ತನ್ನ ಕಾಲವನ್ನು ಎರಡು ಬಗೆಯಾಗಿ ಹೇಳುತ್ತದೆ: ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷವೆಂದು ಒಂದು, ಶಕಕಾಲದ ಐನೂರು ವರ್ಷಗಳು ಕಳೆದಿರಲಾಗಿ ಎಂದು ಇನ್ನೊಂದು. ದಿನ ಕಾರ್ತಿಕದ ಹುಣ್ಣಿಮೆ. ಸ್ನಾತಕೋತ್ತರ ತರಗತಿಯಲ್ಲಿದ್ದಾಗ ನಾವು ಸಿದ್ಧಪಡಿಸಿದ ಇಂಗ್ಲಿಷ್ ಸಾರಾಂಶದಲ್ಲಿ ಇವೆರಡನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಿದ್ದೆವು. 'ದಿ ಟ್ವ್ವೆಲ್ಫ್ತ್ ಇಯರ್' ಎಂದು ಬರೆದ ಲೇಖನಿಯೇ 'ದಿ ಫೈವ್ ಹಂಡ್ರೆಡ್ತ್ ಇಯರ್' ಎಂದೂ ಬರೆಯಿತು. ವಾಕ್ಯ ಸಮತೂಕವಾಗಿ ಚೆನ್ನಾಗಿಯೇ ಕಾಣುತ್ತಿತ್ತು. ಹಿರಿಯ ಅಧ್ಯಾಪಕರೊಬ್ಬರು ಅದನ್ನು ಓದಿ, "ಮಗುವಿಗೆ ಐದು ತುಂಬಿದೆಯೋ, ಐದರಲ್ಲಿ ನಡೆಯುತ್ತಿದೆಯೋ?" ಎಂದಷ್ಟೇ ಕೇಳಿ ಹಾಳೆಯನ್ನು ಹಿಂದಿರುಗಿಸಿದರು.

ಪ್ರಶ್ನೆ ಅಷ್ಟೇ. ಐನೂರು ವರ್ಷ ತುಂಬಿದೆಯೆಂದರೆ ನಡೆಯುತ್ತಿರುವುದು ಐನೂರ ಒಂದನೆಯದು. ಶಕದ ಗತವರ್ಷ ಐನೂರಕ್ಕೆ ೭೮ನ್ನು ಕೂಡಿಸಿದರೆ ಆ ಕಾರ್ತಿಕ ಕ್ರಿಸ್ತಶಕ ೫೭೮ಕ್ಕೆ ಬರುತ್ತದೆ. 'ದಿ ಫೈವ್ ಹಂಡ್ರೆಡ್ತ್ ಇಯರ್' ಎಂದು ಬರೆದೊಡನೆ ಐನೂರನೆಯದು ಇನ್ನೂ ನಡೆಯುತ್ತಿದೆ, ಕಳೆದದ್ದು ೪೯೯ ಎಂದಾಗುತ್ತದೆ; ಹುಣ್ಣಿಮೆ ೫೭೭ಕ್ಕೆ ಜಾರುತ್ತದೆ. ಇದರಿಂದ ಗುಹಾಲಯದ ಕಾಲ ಮಾತ್ರವೇ ಕದಲುವುದಿಲ್ಲ. ೫೭೮ರ ಕಾರ್ತಿಕ ಆಳ್ವಿಕೆಯ ಹನ್ನೆರಡನೆಯ ವರ್ಷದೊಳಗೆ ಬಂದುದರಿಂದಲೇ ಕೀರ್ತಿವರ್ಮನ ಪಟ್ಟಾಭಿಷೇಕವನ್ನು ೫೬೬-೬೭ ಎಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ಅದೂ ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ. ಆ ಕಡೆಯ 'ದಿ ಟ್ವೆಲ್ಫ್ತ್ ಇಯರ್' ಎಂಬುದನ್ನು ಯಾರಾದರೂ 'ಟ್ವೆಲ್ವ್ ಇಯರ್ಸ್' ಆದ ಮೇಲೆ ಎಂದು ಸಡಿಲಿಸಿದರೆ ಇನ್ನೊಂದು ವರ್ಷ ಸರಿಯುತ್ತದೆ. 'ದಿ' ಇಲ್ಲದ ಬಹುವಚನ ತುಂಬಿದ ಮೊತ್ತವನ್ನು ಹೇಳುತ್ತದೆ. 'ದಿ' ಇರುವ ಕ್ರಮಸಂಖ್ಯೆ ನಡೆಯುತ್ತಿರುವ ವರ್ಷವನ್ನು ಹೇಳುತ್ತದೆ. ಬಾದಾಮಿಯ ಶಾಸನದಲ್ಲಿ ಎರಡೂ ಇರುವುದರಿಂದ ಅನುವಾದದಲ್ಲಿಯೂ ಎರಡೂ ಇರಬೇಕು. ವಾಕ್ಯದ ಸಮತೂಕ ಕೆಟ್ಟರೆ ಕೆಡಲಿ.

ಗತವೋ ವರ್ತಮಾನವೋ ಎಂದು ಬಾಯಿಬಿಟ್ಟು ಹೇಳದ ಶಾಸನಗಳೇ ನಮ್ಮಲ್ಲಿ ಹೆಚ್ಚು. ಅಂಥಲ್ಲಿ ಸಂವತ್ಸರ, ತಿಥಿ, ವಾರಗಳನ್ನು ಪಂಚಾಂಗದೊಡನೆ ತಾಳೆನೋಡಿ ನಿರ್ಣಯಿಸಬೇಕಾಗುತ್ತದೆ. ಮೂಲದಲ್ಲಿ ಬರಿಯ ಸಂಖ್ಯೆ ಇದ್ದರೆ ಇಂಗ್ಲಿಷಿನಲ್ಲಿಯೂ ಆರ್ಟಿಕಲ್ ಇಲ್ಲದೆ ಶಕ ಇಷ್ಟರಲ್ಲಿ ಎಂದು ಸಂಖ್ಯೆಯನ್ನಷ್ಟೇ ಇಡುವುದು ಸರಿಯಾದ ಕ್ರಮ. ಮೂಲ ಮುಚ್ಚಿಟ್ಟದ್ದನ್ನು ಅನುವಾದ ತೆರೆದಂತಾಗಬಾರದು. ಕನ್ನಡ ಶಾಸನಗಳಲ್ಲಿ ಸಂಖ್ಯೆಗೆ 'ನೆಯ' ಎಂಬ ಪ್ರತ್ಯಯ ಹತ್ತಿದ್ದರೂ ಎಣಿಕೆ ಗತವರ್ಷದ್ದೇ ಆಗಿರುವ ನಿದರ್ಶನಗಳು ವಿರಳವಲ್ಲ. ಅಲ್ಲಿ ಮೂಲಕ್ಕೆ ನಿಷ್ಠರಾಗಿ 'ದಿ' ಸೇರಿಸಿ ಕ್ರಮಸಂಖ್ಯೆಯನ್ನೇ ಬರೆದು, ತಾಳೆನೋಡಿ ಕಂಡ ಕ್ರಿಸ್ತಶಕ ವರ್ಷವನ್ನೂ ಅದು ಗತವೆಂಬುದನ್ನೂ ಅಡಿಟಿಪ್ಪಣಿಯಲ್ಲಿ ಹೇಳುವ ಪದ್ಧತಿಯನ್ನು ನಾವು ಅನುಸರಿಸುತ್ತಿದ್ದೇವೆ.